ಹೆರಿಗೆಯ ಸಿದ್ಧತೆ: ನೋವಿನ ಶಮನದಿಂದ ತಿಳಿದು ಕೊಡುವ ಒಪ್ಪಿಗೆಯವರೆಗೆ

ಹೆರಿಗೆಗೆ ಮುನ್ನ ಗರ್ಭಿಣಿಗೆ ಕ್ರಮಬದ್ಧವಾಗಿ ತಿಳಿವಳಿಕೆ ಕೊಡಬೇಕೆಂಬ ಚಿಂತನೆ ವೈದ್ಯಶಾಸ್ತ್ರದಲ್ಲಿ ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಲ್ಲಿಯವರೆಗೆ ವೈದ್ಯರ ಒಂದು ಮುಖ್ಯ ಪ್ರಯತ್ನ ನೋವಿನ ಶಮನದತ್ತ ಇತ್ತು. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿದರು. 1853ರಲ್ಲಿ ವಿಕ್ಟೋರಿಯಾ ರಾಣಿಯೂ ಅದನ್ನು ಪಡೆದಳು. ಮುಂದೆ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಮಾರ್ಫಿನ್ ಹಾಗೂ ಸ್ಕೋಪೊಲಮಿನ್ ಕೊಟ್ಟು ಮಂಪರಿನಲ್ಲಿ ಹೆರಿಗೆ ಮಾಡಿಸುವ ಪದ್ಧತಿ ಹೆಸರು ಮಾಡಿತು. ಅದರಲ್ಲಿ ನೋವಷ್ಟೇ ಅಲ್ಲ, ಮಗು ಹುಟ್ಟಿದ ಗಳಿಗೆಯೂ ತಾಯಿಯ ನೆನಪಿನಿಂದ ಅಳಿಸಿಹೋಗುತ್ತಿತ್ತು.

ಇದಕ್ಕೆ ಎದುರಾಗಿ ನಿಂತವರು ಇಂಗ್ಲೆಂಡಿನ ಗ್ರ್ಯಾಂಟ್ಲಿ ಡಿಕ್-ರೀಡ್. ಭಯದಿಂದ ಸ್ನಾಯುಗಳು ಬಿಗಿಯುತ್ತವೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವಿನಿಂದ ಭಯ ಮತ್ತಷ್ಟು ಬಲಿಯುತ್ತದೆ ಎಂದು 1933ರ ತಮ್ಮ ಪುಸ್ತಕದಲ್ಲಿ ಅವರು ವಾದಿಸಿದರು. ತಿಳಿವಳಿಕೆ ಭಯ ಕಳೆಯುತ್ತದೆಂಬ ಅವರ ಮಾತು ಇಂದಿಗೂ ನಿಲ್ಲುವಂಥದ್ದು. ಆದರೆ ನೋವಿಗೆ ಭಯವೇ ಮೂಲವೆಂದು ಹೇಳಿದ್ದರಿಂದ, ನೋವು ತಾಳದೆ ಕೂಗಿದವಳ ಮೇಲೆ ತಪ್ಪಿನ ಹೊರೆಯೂ ಬಿತ್ತು. ಇದು ನ್ಯಾಯವಲ್ಲ.

ನಂತರದ ವರ್ಷಗಳಲ್ಲಿ ಸೋವಿಯತ್ ವೈದ್ಯರು, ಅಭ್ಯಾಸದಿಂದ ದೇಹದ ಪ್ರತಿಕ್ರಿಯೆಗಳನ್ನು ರೂಢಿಸಬಹುದೆಂಬ ರಷ್ಯಾದ ಶರೀರವಿಜ್ಞಾನಿ ಪಾವ್ಲೋವನ ಸಿದ್ಧಾಂತದ ಆಧಾರದಲ್ಲಿ ಬೇರೊಂದು ತರಬೇತಿ ರೂಪಿಸಿದರು. 1951ರಲ್ಲಿ ಅದನ್ನು ನೋಡಿಬಂದ ಫ್ರೆಂಚ್ ವೈದ್ಯ ಫರ್ನಾಂದ್ ಲಮಾಜ್, ಪ್ಯಾರಿಸ್‌ನ ಲೋಹ ಕಾರ್ಮಿಕರ ಸಂಘದ ಆಸ್ಪತ್ರೆಯಲ್ಲಿ ಉಸಿರಾಟದ ಅಭ್ಯಾಸಗಳನ್ನು ಸೇರಿಸಿ ಜಾರಿಗೆ ತಂದರು. ಅವರ ಬಳಿ ಹೆರಿಗೆ ಮಾಡಿಸಿಕೊಂಡ ಅಮೆರಿಕದ ಮಾರ್ಜರಿ ಕಾರ್ಮೆಲ್ 1959ರಲ್ಲಿ ಆ ಅನುಭವವನ್ನು ಪುಸ್ತಕವಾಗಿಸಿದರು. ಮರುವರ್ಷ ಎಲಿಸಬೆತ್ ಬಿಂಗ್ ಜೊತೆ ಈ ಪದ್ಧತಿಯನ್ನು ಹರಡುವ ಸಂಸ್ಥೆ ಕಟ್ಟಿದರು. 1965ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯ ರಾಬರ್ಟ್ ಬ್ರಾಡ್ಲಿಯವರ ಪುಸ್ತಕ ಗಂಡನನ್ನೂ ಹೆರಿಗೆ ಕೋಣೆಯೊಳಗೆ ಕರೆಯಿತು.

ಉಸಿರಾಟದ ತಂತ್ರಗಳಿಗೆ ಸಿಕ್ಕ ಪ್ರಚಾರ ಜೊತೆಗಾರರ ಪಾತ್ರಕ್ಕೆ ಸಿಗಲಿಲ್ಲ. ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ಸಂಶೋಧಕರಾದ ಜಾನ್ ಕೆನೆಲ್, ಮಾರ್ಷಲ್ ಕ್ಲಾಸ್ ಮತ್ತು ಸಂಗಡಿಗರು ನಡೆಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತಳಾದರೂ ಸರಿ, ಒಬ್ಬ ಹೆಂಗಸು ಪಕ್ಕದಲ್ಲಿ ಕೂತು ಧೈರ್ಯ ಹೇಳುತ್ತಿದ್ದರೆ ಹೆರಿಗೆ ಬೇಗ ಮುಗಿಯುವುದು ಕಂಡುಬಂತು. ನಂತರದ ಅಧ್ಯಯನಗಳು ಸಿಸೇರಿಯನ್ ಸಾಧ್ಯತೆಯೂ ತಗ್ಗುವುದನ್ನು ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳಲ್ಲಿ ಬಯಸಿದ ಜೊತೆಗಾರರು ಇರುವುದಕ್ಕೆ ಸ್ಥಾನವಿದೆ. ಗರ್ಭಕಂಠ ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಅಳತೆಯನ್ನು ಎಲ್ಲರಿಗೂ ಹೇರಬಾರದೆಂದೂ ಅವು ಹೇಳುತ್ತವೆ.

ಕರ್ನಾಟಕದ ಹಳ್ಳಿಗಳಲ್ಲಿ ಈ ಜೊತೆ ಹೊಸದಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಿಗೆ ತಾಯಿ, ಅಜ್ಜಿ, ಸೂಲಗಿತ್ತಿ ಮೂವರೂ ಆಸರೆಯಾಗಿದ್ದರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಆದರೆ ಅತಿಯಾದ ರಕ್ತಸ್ರಾವ, ನಂಜು, ರಕ್ತದೊತ್ತಡದ ಮುಂದೆ ಮನೆಯ ಹೆರಿಗೆ ಅಸಹಾಯಕ. ಬದಲಾವಣೆ ಬೇಕೇ ಇತ್ತು. 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರ ಓಡಾಟಗಳ ನಡುವೆ, ದೇಶದಲ್ಲಿ ಆಸ್ಪತ್ರೆ ಹೆರಿಗೆಗಳ ಪ್ರಮಾಣ 2005–06ರ ಶೇ 39ರಿಂದ 2019–21ರಲ್ಲಿ ಶೇ 89ಕ್ಕೇರಿತು. ಅದೇ ಅವಧಿಯಲ್ಲಿ ಕರ್ನಾಟಕದಲ್ಲಿ ಅದು ಶೇ 97 ಆಗಿತ್ತು. ಈ ಗೆಲುವಿನಲ್ಲಿ ಕಳೆದುಹೋದದ್ದು ಪಕ್ಕದಲ್ಲಿ ಕೂತು ಧೈರ್ಯ ಹೇಳುವ ಹೆಂಗಸು. ಹೆರಿಗೆ ವಾರ್ಡಿನ ಬಾಗಿಲಲ್ಲೇ ಮನೆಯವರನ್ನು ತಡೆಯುವ ರೂಢಿ ಬಲವಾಯಿತು. 2017ರ 'ಲಕ್ಷ್ಯ' ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗಾರರಿಗೆ ಮತ್ತೆ ಅವಕಾಶ ಕೊಡಲು ಹೇಳಿತು.

ಇಂದಿನ ಸಿದ್ಧತೆ ತಾಯಿ ಕಾರ್ಡಿನಿಂದಲೇ ಶುರುವಾಗುತ್ತದೆ: ಹಿಮೋಗ್ಲೋಬಿನ್, ರಕ್ತದೊತ್ತಡ, ರಕ್ತದ ಗುಂಪು, ನಿರೀಕ್ಷಿತ ದಿನಾಂಕ. ಬಂದು ಹೋಗುವ ಹುಸಿ ನೋವಿಗೂ, ಬಿಡುವು ಕಡಿಮೆಯಾಗುತ್ತಾ ಬಲವಾಗುವ ನಿಜ ನೋವಿಗೂ ಇರುವ ವ್ಯತ್ಯಾಸ, ನೀರು ಒಡೆಯುವುದು, ರಕ್ತ ಹೋಗುವುದು, ಮಗುವಿನ ಮಿಸುಕಾಟ ತಗ್ಗುವುದು ಎಂಬ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಗರ್ಭಿಣಿಗೂ ಮನೆಯವರಿಗೂ ಗೊತ್ತಿರಬೇಕು. ರಾಜ್ಯದಲ್ಲಿ ಸಿಸೇರಿಯನ್ ಹೆರಿಗೆಗಳು 2015–16ರ ಸುಮಾರು ಶೇ 24ರಿಂದ 2019–21ರಲ್ಲಿ ಶೇ 31ರ ಮೇಲೇರಿರುವಾಗ, ಶಸ್ತ್ರಚಿಕಿತ್ಸೆಯ ಕಾರಣ, ತುರ್ತು, ಕಾಯುವುದರಿಂದ ಆಗಬಹುದಾದ ತೊಂದರೆ, ಮುಂದಿನ ಬಸಿರಿನ ಮೇಲಿನ ಪರಿಣಾಮ – ಇವನ್ನು ನೋವು ಶುರುವಾಗುವ ಮೊದಲೇ ವೈದ್ಯರೊಂದಿಗೆ ಮಾತಾಡಿಕೊಳ್ಳುವುದು ಈ ಸಿದ್ಧತೆಯ ಮುಖ್ಯ ಭಾಗವಾಗಿದೆ. ಏಕೆಂದರೆ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕಬೇಕಾದ ಕಾಗದ ಕೈಗೆ ಬರುವ ಹೊತ್ತಿಗೆ ಅದನ್ನು ಓದಿ ಯೋಚಿಸುವ ಬಿಡುವು ಹೆಚ್ಚಿನವರಿಗೆ ಇರುವುದಿಲ್ಲ.