ಸಿಐಡಿ 999 ಯಾಕೆ ವಾಪಸ್ ಬರಲಿಲ್ಲ?

ಈಗಂತೂ ಸಿನಿಮಾ ಮುಗಿದ್ರೂ ಯಾರೂ ಸೀಟು ಬಿಟ್ಟು ಏಳಲ್ಲ. ಪರದೆ ಮೇಲೆ ಹೆಸರುಗಳು ಓಡ್ತಾ ಇದ್ರೂ ಕಾಯ್ತೀವಿ, ಮುಂದಿನ ಭಾಗದ ಸುಳಿವು ಸಿಗುತ್ತೇನೋ ಅಂತ. ‘ಕೆಜಿಎಫ್ 2’ರಲ್ಲಿ ರಾಕಿ ಚಿನ್ನದ ಜೊತೆ ಸಮುದ್ರ ಸೇರಿದ ಮೇಲೂ ಮೂರನೇ ಭಾಗದ ಸುಳಿವು ಬಂತಲ್ಲ. ಹಾಗಾದ್ರೆ ಒಂದು ಸರಣಿ ಎಲ್ಲಿ ನಿಲ್ಲಬೇಕು? ಇದಕ್ಕೆ ಕನ್ನಡದಲ್ಲೇ ಒಂದು ಹಳೇ ಉದಾಹರಣೆ ಇದೆ.

1962ರಲ್ಲಿ ಜೇಮ್ಸ್ ಬಾಂಡ್‌ನ ಮೊದಲ ಸಿನಿಮಾ ‘ಡಾಕ್ಟರ್ ನೋ’ ಬಂತು. ಆ ಗಾಳಿ ನಮ್ಮ ಕಡೆಗೂ ಬೀಸಿತು. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆದರು. ಬಾಂಡ್‌ಗೆ 007, ನಮ್ಮ ರಾಜ್‌ಕುಮಾರ್‌ಗೆ 999! ಅಲ್ಲಿಯವರೆಗೆ ಪುರಾಣದ ದೇವರು, ರಾಜ, ಭಕ್ತನಾಗಿ ಜನರ ಮನಸ್ಸಲ್ಲಿ ಕೂತಿದ್ದ ನಟ ಕೋಟು ಹಾಕ್ಕೊಂಡು ಪಿಸ್ತೂಲು ಹಿಡಿದರು. ಜನಕ್ಕೆ ಹಿಡಿಸಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಎರಡು ವರ್ಷಕ್ಕೆ ಮೂರು ಸಿನಿಮಾ. ಈಗ ಒಂದು ಭಾಗಕ್ಕೇ ನಾಲ್ಕು ವರ್ಷ ಕಾಯಿಸ್ತಾರೆ, ಅದು ಬೇರೆ ಮಾತು ಬಿಡಿ.

ನನಗೆ ಮುಖ್ಯ ಅನ್ಸೋದು ಆಮೇಲಿನ ಕಥೆ. ಗೆದ್ದ ಸೂತ್ರ ಕೈಯಲ್ಲಿತ್ತು, ಹೀರೋ ಇದ್ದರು, ನಿರ್ದೇಶಕರೂ ಅವರೇ. ಆದ್ರೂ ಮುಂದಿನ 999ಗಾಗಿ ಜನ 1978ರವರೆಗೆ ಕಾಯಬೇಕಾಯ್ತು. ನಡುವಿನ ಒಂಬತ್ತು ವರ್ಷದಲ್ಲಿ ಇದೇ ಜೋಡಿ, ಇದೇ ರಾಜ್‌ಕುಮಾರ್ ಮಾಡಿದ್ದೇನು ಗೊತ್ತಾ? 1971ರಲ್ಲಿ ‘ಕಸ್ತೂರಿ ನಿವಾಸ’. 1974ರಲ್ಲಿ ವಾಣಿ ಅವರ ಕಾದಂಬರಿ ಆಧರಿಸಿದ ‘ಎರಡು ಕನಸು’.

‘ಕಸ್ತೂರಿ ನಿವಾಸ’ದ ನಾಯಕ ಬೆಂಕಿಪೆಟ್ಟಿಗೆ ಕಾರ್ಖಾನೆಯ ಮಾಲೀಕ. ಕೊಟ್ಟು ಕೊಟ್ಟೇ ಬರಿಗೈಯಾಗಿ, ಕೊನೆಗೆ ಸಾಯ್ತಾನೆ. ಎರಡನೇ ಭಾಗಕ್ಕೆ ಬಾಗಿಲೇ ಇಲ್ಲ. ಆದ್ರೆ 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಜನ ಥಿಯೇಟರಿಗೆ ಹೋದರು. 43 ವರ್ಷ ಆದ್ಮೇಲೆ! ಪ್ರತಿ ವರ್ಷ ಒಂದು 999 ಅಂತ ಕೂತಿದ್ರೆ ಇಂಥ ಸಿನಿಮಾಗೆ ಕಾಲ್‌ಶೀಟ್ ಎಲ್ಲಿಂದ ಬರ್ತಿತ್ತು? ಸರಣಿ ಮುಂದುವರಿದಾಗ ಏನು ಬಂತು ಅಂತ ನಮಗೆ ಕಾಣುತ್ತೆ. ಏನು ಬರಲಿಲ್ಲ ಅನ್ನೋದು ಕಾಣೋದೇ ಇಲ್ಲ. ನನ್ನ ತಕರಾರು ಅದೇ.

ಹಾಗಂತ ವಾಪಸ್ ಬರಲೇಬಾರದು ಅನ್ನೋಕಾಗಲ್ಲ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಬರದೇ ಇದ್ದಿದ್ರೆ ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ಆ ಹಾಡು ಇರ್ತಿರಲಿಲ್ಲ. ನೀವೂ ರೀಲ್ಸ್‌ನಲ್ಲಿ ಕೇಳೇ ಇರ್ತೀರಿ. ನಿಜ ಹೇಳಿ, ಆ ಸಿನಿಮಾದಲ್ಲಿ ಕಳ್ಳರನ್ನು ಹೇಗೆ ಹಿಡಿದರು ಅನ್ನೋದು ಎಷ್ಟು ಜನಕ್ಕೆ ನೆನಪಿದೆ?

ಅತ್ತ ಬಾಂಡ್ ನಿಲ್ಲಲೇ ಇಲ್ಲ. ಅದೇ ಸರಣಿಯ 25ನೇ ಸಿನಿಮಾ ‘ನೋ ಟೈಮ್ ಟು ಡೈ’ 2021ರಲ್ಲಿ ಬಂತು. ಅದರಲ್ಲಿ ಬಾಂಡ್ ಸತ್ತೇ ಹೋದ. ಜನ ಕಣ್ಣೊರೆಸಿಕೊಳ್ಳೋ ಹೊತ್ತಿಗೆ, ಅವನು ಮತ್ತೆ ಬರ್ತಾನೆ ಅಂತ ಪರದೆ ಮೇಲೆ ಬರಹ! 2025ರಲ್ಲಿ ಆ ಸರಣಿಯ ಹಿಡಿತ ಅಮೆಜಾನ್ ಕೈಗೆ ಹೋಯ್ತು, ಹೊಸ ನಿರ್ದೇಶಕರೂ ಗೊತ್ತಾದರು. ಸತ್ತ ದುಃಖಕ್ಕೂ ಬೆಲೆ ಇಲ್ಲದ ಹಾಗೆ ಮಾಡಿಬಿಟ್ಟರು ಅನ್ಸುತ್ತೆ.

ನಮ್ಮ 999 ಸಾಯಲಿಲ್ಲ, ವಿದಾಯದ ಸಿನಿಮಾನೂ ಬರಲಿಲ್ಲ. ರಾಜ್‌ಕುಮಾರ್ ಅವರ ಕೊನೆಯ ಸಿನಿಮಾ ‘ಶಬ್ದವೇಧಿ’, 2000ದಲ್ಲಿ. ನಡುವಿನ ಆ 22 ವರ್ಷದಲ್ಲಿ ಅವರು ಮತ್ತೆ 999 ಆಗಲೇ ಇಲ್ಲ.