ಯುರೋಪಿನ ರಾಜಕೀಯ, ವ್ಯಾಪಾರ ಮತ್ತು ನಾಣ್ಯ ಒಕ್ಕೂಟಗಳು

ಎರಡನೆಯ ಮಹಾಯುದ್ಧದ ಅನಂತರ ಯುರೋಪ್ ಖಂಡದ ರಾಷ್ಟ್ರಗಳು ಪರಸ್ಪರ ಮಾಡಿಕೊಂಡ ಒಪ್ಪಂದಗಳ ಫಲವಾಗಿ ಹಲವು ಒಕ್ಕೂಟಗಳು ರೂಪುಗೊಂಡಿವೆ. ಐರೋಪ್ಯ ಒಕ್ಕೂಟ, ಸುಂಕ ಒಕ್ಕೂಟ, ಏಕ ಮಾರುಕಟ್ಟೆ, ಯುರೋ ವಲಯ ಮತ್ತು ಷೆಂಗೆನ್ ಪ್ರದೇಶ ಇವುಗಳಲ್ಲಿ ಮುಖ್ಯವಾದವು. ಇವೆಲ್ಲವೂ ಒಂದೇ ಎಂಬ ಭಾವನೆ ಸಾಮಾನ್ಯವಾಗಿದ್ದರೂ ಪ್ರತಿಯೊಂದರ ಸದಸ್ಯರು, ನಿಯಮಗಳು ಮತ್ತು ಹೊಣೆಗಳು ಬೇರೆ ಬೇರೆಯಾಗಿವೆ. ಒಂದಕ್ಕೆ ಸೇರಿದ ರಾಷ್ಟ್ರವು ಮತ್ತೊಂದರಿಂದ ಹೊರಗಿರಬಹುದು.

ಹಿನ್ನೆಲೆ

ಕಲ್ಲಿದ್ದಲು ಮತ್ತು ಉಕ್ಕು ಯುದ್ಧಸಾಮಗ್ರಿಯ ಮೂಲವಸ್ತುಗಳು. ಇವುಗಳ ಉತ್ಪಾದನೆಯನ್ನು ಸಮಾನ ಆಡಳಿತದ ಅಡಿಯಲ್ಲಿ ತಂದರೆ ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ಮತ್ತೆ ಯುದ್ಧ ಸಂಭವಿಸಲಾರದು ಎಂಬ ವಿಚಾರವನ್ನು ಫ್ರಾನ್ಸಿನ ವಿದೇಶಾಂಗ ಸಚಿವ ರೊಬೇರ್ ಷೂಮಾನ್ 1950ರಲ್ಲಿ ಮುಂದಿಟ್ಟರು. ಅದರಂತೆ 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದವು. 1957ರ ರೋಮ್ ಒಪ್ಪಂದವು ಐರೋಪ್ಯ ಆರ್ಥಿಕ ಸಮುದಾಯವನ್ನು ಸ್ಥಾಪಿಸಿತು. 1992ರಲ್ಲಿ ಸಹಿಯಾದ ಮಾಸ್ಟ್ರಿಕ್ಟ್ ಒಪ್ಪಂದವು 1993ರ ನವೆಂಬರ್ 1ರಂದು ಜಾರಿಗೆ ಬಂದು ಐರೋಪ್ಯ ಒಕ್ಕೂಟವು ಅಸ್ತಿತ್ವಕ್ಕೆ ಬಂದಿತು.

ರಾಜಕೀಯ ಒಕ್ಕೂಟ

ಐರೋಪ್ಯ ಒಕ್ಕೂಟದಲ್ಲಿ 27 ಸದಸ್ಯ ರಾಷ್ಟ್ರಗಳಿವೆ. ಕಾನೂನಿನ ಕರಡನ್ನು ಆಯೋಗವು ಸಿದ್ಧಪಡಿಸುತ್ತದೆ. ಹೆಚ್ಚಿನ ವಿಷಯಗಳಲ್ಲಿ, ಜನರಿಂದ ನೇರವಾಗಿ ಆಯ್ಕೆಯಾದ ಸಂಸತ್ತು ಮತ್ತು ಸದಸ್ಯ ರಾಷ್ಟ್ರಗಳ ಸಚಿವರಿರುವ ಮಂಡಳಿ ಎರಡೂ ಒಪ್ಪಿದರೆ ಮಾತ್ರ ಅದು ಕಾನೂನಾಗುತ್ತದೆ. ಮಂಡಳಿಯಲ್ಲಿ ಸಾಮಾನ್ಯವಾಗಿ ಶೇ. 55ರಷ್ಟು ರಾಷ್ಟ್ರಗಳ ಒಪ್ಪಿಗೆ ಬೇಕು. ಆ ರಾಷ್ಟ್ರಗಳಲ್ಲಿ ಒಕ್ಕೂಟದ ಶೇ. 65ರಷ್ಟಾದರೂ ಜನಸಂಖ್ಯೆ ಇರಬೇಕು. ತೆರಿಗೆ ಮತ್ತು ವಿದೇಶಾಂಗ ನೀತಿಗಳಿಗೆ ಸರ್ವಾನುಮತ ಅಗತ್ಯವಾದ್ದರಿಂದ ಒಂದು ಸಣ್ಣ ರಾಷ್ಟ್ರವೂ ನಿರ್ಣಯವನ್ನು ತಡೆಯಬಲ್ಲದು.

ವ್ಯಾಪಾರ ಒಕ್ಕೂಟಗಳು

ವ್ಯಾಪಾರ ಸಂಬಂಧಗಳನ್ನು ಮೂರು ಹಂತಗಳಾಗಿ ಗುರುತಿಸಬಹುದು.

* ಮುಕ್ತ ವ್ಯಾಪಾರ ವಲಯ: ಸದಸ್ಯರು ಪರಸ್ಪರ ಸುಂಕ ವಿಧಿಸುವುದಿಲ್ಲ. ಹೊರಗಿನವರಿಗೆ ವಿಧಿಸುವ ಸುಂಕವನ್ನು ಪ್ರತಿಯೊಂದು ರಾಷ್ಟ್ರವೂ ತಾನೇ ನಿರ್ಧರಿಸುತ್ತದೆ.
* ಸುಂಕ ಒಕ್ಕೂಟ: ಹೊರಗಿನಿಂದ ಬರುವ ಸರಕಿಗೆ ಎಲ್ಲ ಸದಸ್ಯರೂ ಒಂದೇ ಸುಂಕ ವಿಧಿಸುತ್ತಾರೆ. ಐರೋಪ್ಯ ಸಮುದಾಯದಲ್ಲಿ ಇದು 1968ರಲ್ಲಿ ಪೂರ್ಣಗೊಂಡಿತು.
* ಏಕ ಮಾರುಕಟ್ಟೆ: ಸರಕು, ಸೇವೆ, ಬಂಡವಾಳ ಮತ್ತು ಜನರ ಸಂಚಾರ ಮುಕ್ತವಾಗಿರುತ್ತದೆ, ಉತ್ಪನ್ನಗಳ ಗುಣಮಟ್ಟದ ನಿಯಮಗಳೂ ಹೊಂದಿಕೊಳ್ಳುತ್ತವೆ. ಇದು 1993ರಲ್ಲಿ ಆರಂಭವಾಯಿತು.

ನಾರ್ವೆ, ಐಸ್‌ಲೆಂಡ್ ಮತ್ತು ಲಿಕ್ಟೆನ್‌ಸ್ಟೈನ್ ಐರೋಪ್ಯ ಒಕ್ಕೂಟದ ಸದಸ್ಯರಲ್ಲದಿದ್ದರೂ 'ಐರೋಪ್ಯ ಆರ್ಥಿಕ ಪ್ರದೇಶ' ಒಪ್ಪಂದದ ಮೂಲಕ ಏಕ ಮಾರುಕಟ್ಟೆಯಲ್ಲಿವೆ. ಅವು ಮಾರುಕಟ್ಟೆಯ ಕಾನೂನುಗಳನ್ನು ಪಾಲಿಸಬೇಕು. ಆದರೆ ಅವುಗಳನ್ನು ರೂಪಿಸುವಾಗ ಮತ ನೀಡುವ ಹಕ್ಕು ಅವಕ್ಕಿಲ್ಲ. ಟರ್ಕಿಯ ಸ್ಥಿತಿ ಬೇರೆ. ಕೈಗಾರಿಕಾ ಸರಕುಗಳ ಮಟ್ಟಿಗೆ ಅದು ಸುಂಕ ಒಕ್ಕೂಟದಲ್ಲಿದೆ, ಏಕ ಮಾರುಕಟ್ಟೆಯಲ್ಲಿಲ್ಲ.

ಸಮಾನ ಸುಂಕವಿರುವುದರಿಂದ ಜರ್ಮನಿಯಾಗಲಿ ಫ್ರಾನ್ಸಾಗಲಿ ಭಾರತದೊಡನೆ ಪ್ರತ್ಯೇಕ ಸುಂಕ ಒಪ್ಪಂದ ಮಾಡಿಕೊಳ್ಳಲಾಗದು. ಅವುಗಳ ಪರವಾಗಿ ಆಯೋಗವೇ ಮಾತುಕತೆ ನಡೆಸುತ್ತದೆ. ನಾರ್ವೆ, ಸ್ವಿಟ್ಜರ್‌ಲೆಂಡ್, ಐಸ್‌ಲೆಂಡ್ ಮತ್ತು ಲಿಕ್ಟೆನ್‌ಸ್ಟೈನ್‌ಗಳಿರುವ ಐರೋಪ್ಯ ಮುಕ್ತ ವ್ಯಾಪಾರ ಸಂಘಕ್ಕೆ ಈ ಕಟ್ಟು ಇಲ್ಲದ ಕಾರಣ, ಅದು 2024ರ ಮಾರ್ಚ್ 10ರಂದು ಭಾರತದೊಡನೆ ತನ್ನದೇ ಒಪ್ಪಂದಕ್ಕೆ ಸಹಿ ಹಾಕಿತು.

ಯುರೋ ವಲಯ

1999ರಲ್ಲಿ 11 ರಾಷ್ಟ್ರಗಳು ಯುರೋವನ್ನು ಅಂಗೀಕರಿಸಿದವು. ನೋಟು ಮತ್ತು ನಾಣ್ಯಗಳು 2002ರಲ್ಲಿ ಚಲಾವಣೆಗೆ ಬಂದವು. 2026ರ ಜನವರಿಯಲ್ಲಿ ಬಲ್ಗೇರಿಯಾ ಸೇರಿದ ಮೇಲೆ ಸದಸ್ಯರ ಸಂಖ್ಯೆ 21 ಆಗಿದೆ. ಡೆನ್ಮಾರ್ಕ್ ಒಪ್ಪಂದದಲ್ಲಿಯೇ ವಿನಾಯಿತಿ ಪಡೆದಿದೆ. ಸ್ವೀಡನ್ನಿನ ಮತದಾರರು 2003ರಲ್ಲಿ ಯುರೋವನ್ನು ನಿರಾಕರಿಸಿದರು.

ಫ್ರಾಂಕ್‌ಫರ್ಟ್‌ನಲ್ಲಿರುವ ಐರೋಪ್ಯ ಕೇಂದ್ರೀಯ ಬ್ಯಾಂಕ್ ಇಡೀ ವಲಯಕ್ಕೆ ಒಂದೇ ಬಡ್ಡಿದರ ನೀತಿಯನ್ನು ನಿರ್ಧರಿಸುತ್ತದೆ. ತೆರಿಗೆ ಮತ್ತು ವೆಚ್ಚಗಳು ಮಾತ್ರ ಆಯಾ ಸರ್ಕಾರಗಳ ಕೈಯಲ್ಲೇ ಉಳಿದಿವೆ. ಬಜೆಟ್ ಕೊರತೆಯು ಒಟ್ಟು ದೇಶೀಯ ಉತ್ಪನ್ನದ ಶೇ. 3ನ್ನೂ ಸಾಲವು ಶೇ. 60ನ್ನೂ ಮೀರಬಾರದೆಂಬ ನಿಯಮವಿದ್ದರೂ ಅದು ಹಲವು ಬಾರಿ ಉಲ್ಲಂಘನೆಯಾಗಿದೆ. ಈ ವ್ಯವಸ್ಥೆಯ ದೌರ್ಬಲ್ಯ ಗ್ರೀಸಿನ ಸಾಲದ ಬಿಕ್ಕಟ್ಟಿನಲ್ಲಿ ಪ್ರಕಟವಾಯಿತು. ಸ್ವಂತ ನಾಣ್ಯವಿರುವ ದೇಶವು ಅದನ್ನು ಅಪಮೌಲ್ಯಗೊಳಿಸಿ ರಫ್ತನ್ನು ಹೆಚ್ಚಿಸಿಕೊಳ್ಳಲು ಯತ್ನಿಸಬಹುದು. ಗ್ರೀಸಿಗೆ ಆ ದಾರಿ ಇರಲಿಲ್ಲ. 2010ರಿಂದ ಇತರ ಯುರೋ ರಾಷ್ಟ್ರಗಳು ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ ನೀಡಿದ ಸಾಲದ ಷರತ್ತಿನಂತೆ ಅಲ್ಲಿನ ವೇತನ ಮತ್ತು ಪಿಂಚಣಿಗಳು ಕಡಿತಗೊಂಡವು.

ಷೆಂಗೆನ್ ಪ್ರದೇಶ

ಆಂತರಿಕ ಗಡಿಗಳಲ್ಲಿ ಪ್ರಯಾಣಿಕರ ತಪಾಸಣೆಯನ್ನು ಸಾಮಾನ್ಯವಾಗಿ ಕೈಬಿಟ್ಟಿರುವ 29 ರಾಷ್ಟ್ರಗಳ ಪ್ರದೇಶವಿದು. ಷೆಂಗೆನ್ ವೀಸಾ ಪಡೆದ ಭಾರತೀಯ ಪ್ರವಾಸಿಯು ಐರೋಪ್ಯ ಒಕ್ಕೂಟದ ಹೊರಗಿರುವ ಸ್ವಿಟ್ಜರ್‌ಲೆಂಡನ್ನು ಪ್ರವೇಶಿಸಬಹುದು. ಅಲ್ಲಿನ ನಾಣ್ಯ ಫ್ರಾಂಕ್. ಒಕ್ಕೂಟದ ಸದಸ್ಯ ರಾಷ್ಟ್ರವಾದ ಐರ್ಲೆಂಡ್ ಈ ಪ್ರದೇಶದಲ್ಲಿಲ್ಲ. ಅಲ್ಲಿನ ನಾಣ್ಯ ಯುರೋ.

ಬ್ರಿಟನ್ನಿನ ನಿರ್ಗಮನ

2016ರ ಜನಮತಗಣನೆಯ ಪರಿಣಾಮವಾಗಿ ಬ್ರಿಟನ್ 2020ರ ಜನವರಿ 31ರಂದು ಐರೋಪ್ಯ ಒಕ್ಕೂಟವನ್ನು ತೊರೆಯಿತು. ಆದರೆ ಅದೇ ವರ್ಷದ ಕೊನೆಯವರೆಗೂ ಸುಂಕ ಒಕ್ಕೂಟ ಮತ್ತು ಏಕ ಮಾರುಕಟ್ಟೆಯ ನಿಯಮಗಳು ಅದಕ್ಕೆ ಅನ್ವಯಿಸುತ್ತಿದ್ದವು. ಐರ್ಲೆಂಡಿನ ಭೂಗಡಿಯಲ್ಲಿ ತಪಾಸಣಾ ಠಾಣೆಗಳು ಮತ್ತೆ ತಲೆಯೆತ್ತಿದರೆ 1998ರ ಶಾಂತಿ ಒಪ್ಪಂದಕ್ಕೆ ಧಕ್ಕೆಯಾದೀತೆಂಬ ಆತಂಕವಿತ್ತು. ಆದ್ದರಿಂದ ಬ್ರಿಟನ್ನಿನ ಭಾಗವಾಗಿರುವ ಉತ್ತರ ಐರ್ಲೆಂಡಿನಲ್ಲಿ ಸರಕುಗಳಿಗೆ ಸಂಬಂಧಿಸಿದ ಐರೋಪ್ಯ ನಿಯಮಗಳಲ್ಲಿ ಹಲವು ಈಗಲೂ ಜಾರಿಯಲ್ಲಿವೆ.