ಬೇಲಿಯ ನಸುಗುನ್ನಿ, ನಡುಕದ ಮದ್ದು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ನಸುಗುನ್ನಿ ಎಂದರೆ ಮೊದಲು ನೆನಪಾಗುವುದು ತುರಿಕೆ. ಬೇಲಿಗೆ ಹಬ್ಬುವ ಈ ಬಳ್ಳಿಯ ಕಾಯಿ ಬಾಗಿದ ಬೆರಳಿನಷ್ಟು ಉದ್ದ, ಮೈತುಂಬ ಹೊಂಗಂದು ಸುಂಕು. ತಾಗಿತೋ, ಸಗಣಿ ಬಳಿದುಕೊಂಡು ಕೂರಬೇಕು. ಆದರೆ ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯ ಮುಖ್ಯ ಔಷಧಿಯಾದ ಲೆವೊಡೋಪಾ ಇರುವುದು ಇದೇ ಕಾಯಿಯ ಬೀಜದಲ್ಲಿ.

ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು ಪುಡಿ ಮಾಡುವುದು ಆಯುರ್ವೇದದ ಹಳೆಯ ಕ್ರಮ. ಕಂಪವಾತಕ್ಕೂ, ಅಂದರೆ ನಡುಕದ ಕಾಯಿಲೆಗೂ, ಅದನ್ನು ಕೊಡುತ್ತಾರೆ. ಹಾಗೆಂದು ನಮ್ಮ ಹಿರಿಯರಿಗೆ ಚಲನೆಗೆ ಬೇಕಾದ ಮೆದುಳಿನ ರಾಸಾಯನಿಕ ಡೋಪಮೈನ್ ಗೊತ್ತಿತ್ತು ಎನ್ನುವುದು ಅತಿಯಾದೀತು. ನಸುಗುನ್ನಿಯ ಹೆಸರು ಹೆಚ್ಚಾಗಿ ಕೇಳಿಬರುವುದು ವೀರ್ಯವೃದ್ಧಿಯ ಲೇಹ್ಯಗಳಲ್ಲಿ.

1913ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಕುಸ್ ಗುಗೆನ್‌ಹೈಮ್ ಯುರೋಪಿನ ಒಂದು ಬಗೆಯ ಹುರುಳಿಕಾಯಿಯಿಂದ ಲೆವೊಡೋಪಾ ತೆಗೆದರು. ತಾವೇ ಎರಡೂವರೆ ಗ್ರಾಂ ನುಂಗಿ, ವಾಂತಿ ಮಾಡಿಕೊಂಡು ಸುಸ್ತಾದರು. 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದೇ ವಸ್ತುವನ್ನು ನಸುಗುನ್ನಿ ಬೀಜದಿಂದ ಬೇರ್ಪಡಿಸಿದರು. ಅದರಿಂದ ನಡುಕ ನಿಲ್ಲಬಹುದೆಂಬ ಸುಳಿವು ಆಗ ಯಾರಿಗೂ ಇರಲಿಲ್ಲ.

ದಾರಿ ತೋರಿಸಿದ್ದು ನಮ್ಮದೇ ಇನ್ನೊಂದು ಗಿಡ, ಸರ್ಪಗಂಧಿ. ಅದರ ಬೇರಿನಿಂದ ಬಂದ ರಿಸರ್ಪಿನ್ ಕೊಟ್ಟಾಗ ಮೊಲಗಳು ಅಲುಗಾಡದೆ ಬಿದ್ದವು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ಡೋಪಾ ಚುಚ್ಚಿದಾಗ ಅವು ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ತಂಡ ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಡೋಪಮೈನ್ ಬತ್ತಿರುವುದನ್ನು ಕಂಡಿತು.

ಹಾಗಾದರೆ ಡೋಪಮೈನನ್ನೇ ಕೊಡಬಾರದೇ? ರಕ್ತದಿಂದ ಅದು ಮೆದುಳಿಗೆ ದಾಟದು. ಲೆವೊಡೋಪಾ ದಾಟುತ್ತದೆ, ಒಳಹೊಕ್ಕ ಮೇಲೆ ಡೋಪಮೈನ್ ಆಗುತ್ತದೆ. ಆದರೆ ಹೆಚ್ಚಿನ ಪಾಲು ದಾರಿಯಲ್ಲೇ, ಕರುಳು ರಕ್ತಗಳಲ್ಲೇ ಬದಲಾಗಿ ಹೊಟ್ಟೆ ತೊಳಸುತ್ತದೆ. ಇದನ್ನು ತಡೆಯುವ ಕಾರ್ಬಿಡೋಪಾ 1970ರ ದಶಕದಲ್ಲಿ ಜೊತೆಗೂಡಿತು. ಇಂದಿನ ಸಿಂಡೋಪಾ ಮಾತ್ರೆಯಲ್ಲಿರುವುದು ಈ ಜೋಡಿಯೇ.

2004ರಲ್ಲಿ ಲಂಡನ್ನಿನಲ್ಲಿ ಎಂಟು ರೋಗಿಗಳಿಗೆ 30 ಗ್ರಾಂ ನಸುಗುನ್ನಿ ಪುಡಿ ಕೊಟ್ಟು ನೋಡಿದರು. ಸುಮಾರು 35 ನಿಮಿಷಕ್ಕೆ ಗುಣ ಕಂಡಿತು. ಮಾತ್ರೆಗೆ 68 ನಿಮಿಷ ಬೇಕಾಯಿತು. ಎಂಟೇ ಜನರ ಲೆಕ್ಕವಿದು, ಮರೆಯಬಾರದು. ಬೀಜದಿಂದ ಬೀಜಕ್ಕೆ ಲೆವೊಡೋಪಾ ಹೆಚ್ಚುಕಮ್ಮಿಯೂ ಇರುತ್ತದೆ. ಪ್ರೊಟೀನು ಲೆವೊಡೋಪಾಕ್ಕೆ ಅಡ್ಡಬರುವುದರಿಂದ, ಮುದ್ದೆ, ಕಾಳುಸಾರಿನ ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ನುಂಗಬೇಕು. ಮಾತ್ರೆಯ ಜೊತೆ ಪುಡಿಯನ್ನೂ ತಿನ್ನುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು: ಎರಡರಲ್ಲೂ ಇರುವುದು ಒಂದೇ ಔಷಧಿ, ಪ್ರಮಾಣ ಮೀರಿದರೆ ಕೈಕಾಲು ತಂತಾನೇ ಹೊಯ್ದಾಡತೊಡಗುತ್ತವೆ.